ನಲವತ್ತರ ಮೇಲೆ ಬರುವ ಸದ್ದು

ಮೊದಲು ಜೇನುಹುಳ ಅಂದುಕೊಂಡೆ.
ಕ್ಯಾಬಿನ್ನಿನಲ್ಲಿ ಸಿಕ್ಕಿಕೊಂಡಿದೆ, ಬೋಯಿಕೇರಿ ದಾಟಿದರೆ ಹಾರಿಹೋದೀತು ಅಂತ
ಗಾಜಿಳಿಸಿ ಕಾದೆ.
ಹೋಗಲಿಲ್ಲ.
ನಲವತ್ತರ ಕೆಳಗೆ ಏನೂ ಇಲ್ಲ,
ದಾಟಿದರೆ ಗುಂಯ್.
ಕ್ಲಚ್ ಒತ್ತಿದರೂ ಗುಂಯ್,
ನ್ಯೂಟ್ರಲ್ಲಿಗೆ ಹಾಕಿ ಇಳಿಜಾರಿಗೆ ಬಿಟ್ಟರೂ ಗುಂಯ್.

ಸುಂಟಿಕೊಪ್ಪದ ಹಂಸಾಕ ಲಾರಿಯ ಕಡೆ ನೋಡಲೇ ಇಲ್ಲ,
ನನ್ನನ್ನೇ ಕೇಳಿದರು:
"ಎಡಕ್ಕೆ ತಿರುಗಿದಾಗ ಜಾಸ್ತಿಯೋ, ಬಲಕ್ಕೋ?"
ಹದಿನಾರು ವರ್ಷ ಓಡಿಸಿದವನು ನಾನು.
ಗೊತ್ತಿರಲಿಲ್ಲ.
"ಹೋಗಿ ಕೇಳಿಕೊಂಡು ಬಾ."

ಏಳನೇ ಹೊಸಕೋಟೆಯವರೆಗೆ ಹೋದೆ, ಬಂದೆ.
ಎಡ ತಿರುವಿನಲ್ಲಿ ಮೈಯೆಲ್ಲ ಬಲಕ್ಕೆ ವಾಲಿದಾಗ
ಸದ್ದು ಏರುತ್ತದೆ,
ಬಲ ತಿರುವಿನಲ್ಲಿ ಇಳಿಯುತ್ತದೆ.
"ಹಾಗಾದರೆ ಬಲಗಡೆ ಹಿಂದಿನದು" ಅಂದರು.
ಆ ಹಬ್ಬಿನ ಮೇಲೆ ಅಂಗೈ ಇಟ್ಟು ಚಟ್ಟನೆ ತೆಗೆದರು.
ಎಡಗಡೆಯದರ ಮೇಲೆ ಇಟ್ಟು
ಇಟ್ಟೇ ಇದ್ದರು, ಬೀಡಿ ಮುಗಿಯುವ ತನಕ.

ಜಾಕ್ ಏರಿತು. ಜೋಡಿ ಚಕ್ರದಡಿ ಹಾರೆ ಕೊಟ್ಟು ಮೀಟಿದರು.
ಟೊಕ್.
"ಕೇಳಿತಾ?"
ಕೇಳಿತು. ಸಡಿಲಾದ ಹಲ್ಲು
ನಾಲಿಗೆಗೆ ಕೇಳುವ ಹಾಗೆ.

ಆಕ್ಸಲ್ ಹೊರಬಂತು ಆಯಿಲ್ ತೊಟ್ಟಿಕ್ಕುತ್ತ,
ಎರಡು ನಟ್, ನಡುವೆ ಕಿವಿ ಮಡಚಿದ ವಾಷರ್,
ಡ್ರಮ್ಮು, ಆಮೇಲೆ ಗ್ರೀಸು:
ಹಾಲು ಹೆಚ್ಚಾದ ಕಾಫಿಯ ಬಣ್ಣ.
ಹಂಸಾಕ ಬೆರಳಲ್ಲಿ ತಿಕ್ಕಿ ಬಿಸಿಲಿಗೆ ಹಿಡಿದರು,
ಮತ್ತಿಮೀನು ಉಜ್ಜಿದ ಕೈಯ ಹಾಗೆ ಮಿನುಗಿತು.
"ನೀರು ಹೋಗಿದೆ. ಎಲ್ಲಿ ಇಳಿಸುತ್ತೀ?"

ಪ್ರತಿ ಭಾನುವಾರ, ಕುಶಾಲನಗರದಲ್ಲಿ ಶುಂಠಿ ಮೂಟೆ ಇಳಿಸಿ ಬರುತ್ತ
ಹಾರಂಗಿ ಹೊಳೆಗೆ, ಹಬ್ ಮುಳುಗುವಷ್ಟು,
ಗಾಡಿ ಬಿಸಿಯಾಗಿರುವಾಗಲೇ.
ತೆಂಗಿನ ನಾರು ಹಿಡಿದು ಸಂದಿಸಂದಿಗೂ ತಿಕ್ಕುತ್ತೇನೆ,
ದುಬಾರೆಯವರು ಆನೆ ಮೀಯಿಸುತ್ತಾರಲ್ಲ, ಹಾಗೆ.
ಐತಪ್ಪನ ಹಾಗೆ ಗಾಡಿ ನೋಡಿಕೊಳ್ಳುವವರಿಲ್ಲ ಅಂತ
ಮಾಲೀಕರು ಚೀಯಣ್ಣ ನಾಲ್ಕು ಜನರೆದುರು ಹೇಳಿದ್ದಾರೆ.

"ಕಾದ ಹಬ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗುತ್ತದೆ,
ಸೀಲಿನ ಸಂದಿಯಿಂದ ಹೊಳೆ ಕುಡಿಯುತ್ತದೆ" ಅಂದರು.
ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಹಳೆಯ ಕಪ್ಪನ್ನು ಉಳಿ ಇಟ್ಟು ಕಳಚಿ,
ಅದನ್ನೇ ಹೊಸದರ ಬೆನ್ನಿಗಿಟ್ಟು ಬಡಿದರು.
ಟಣ್, ಟಣ್, ಟಣ್, ಟಕ್.
ಕೂತಿತು.
ಮಗಳು ರಮ್ಲಾ ಪಿಯುಸಿ ಪುಸ್ತಕ ಬೆಂಚಿನ ಮೇಲೆ ಮಗುಚಿಟ್ಟು ಬಂದಳು,
ಅಂಗೈ ತುಂಬ ಗ್ರೀಸು ಹಿಡಿದು
ಬೇರಿಂಗನ್ನು ಅದರ ಅಂಚಿಗೆ ಕುಟ್ಟಿ ಕುಟ್ಟಿ ಒತ್ತಿದಳು,
ಒಂದೊಂದು ರೋಲರಿನ ನಡುವಿನಿಂದಲೂ ಆಚೆ ಇಣುಕುವ ತನಕ.

ಬಿಗಿ, ತಿರುಗಿಸು, ಬಿಗಿ.
ಆಮೇಲೆ ಆರರಲ್ಲೊಂದು ಪಾಲು ಹಿಂದಕ್ಕೆ.
"ಬಿಡುವುದಾದರೆ ಅಷ್ಟು ಬಿಗಿದದ್ದು ಯಾಕೆ?"
"ಎಲ್ಲ ಅದರದರ ಜಾಗದಲ್ಲಿ ಕೂರಲಿ ಅಂತ."
ಇಷ್ಟೇ ಹೇಳಿ ವಾಷರಿನ ಕಿವಿ ಮಡಚಿದರು.

ಬಿಲ್ಲು ರಮ್ಲಾ ಬರೆದಳು: ಬೇರಿಂಗ್ ಎರಡು, ಸೀಲ್ ಒಂದು, ಗ್ರೀಸು, ಕೂಲಿ.
ಕಾರಣ ಬರೆಯಲು ಅದರಲ್ಲಿ ಜಾಗವಿರಲಿಲ್ಲ.
ಚೀಯಣ್ಣ ಫೋನಿನಲ್ಲಿ ಕೇಳಿದಾಗ
"ಹಳೇ ಗಾಡಿಯಲ್ವಾ" ಅಂದೆ.
ಟೊಕ್.

ಬೋಯಿಕೇರಿ ತಿರುವು. ಐವತ್ತು.
ಹಿಂಬಾಗಿಲಿನ ಸರಪಳಿ ಕೇಳಿತು, ಸೀಟಿನಡಿಯ ಸ್ಪ್ಯಾನರು ಕೇಳಿತು,
ಆಮೇಲೆ ಇನ್ನೊಂದು, ತೀರ ಹತ್ತಿರ,
ಗುಂಯ್.
ನಾನೇ.
ನಾಲ್ಕು ತಿಂಗಳಿಂದ ಅದರ ಜೊತೆ ಗುನುಗುತ್ತಿದ್ದೆ ಅಂತ ಕಾಣುತ್ತದೆ,
ಅದು ನಿಂತ ಮೇಲೂ ನನ್ನದು ನಿಂತಿರಲಿಲ್ಲ.

ಭಾನುವಾರ ಹೊಳೆಯ ದಂಡೆಯಲ್ಲೇ ನಿಲ್ಲಿಸಿದೆ.
ಬಕೆಟ್ಟು ಇಳಿಸಿ ನೆರಳಿಗೆ ಕೂತೆ.
ಆಗಾಗ ಎದ್ದು ಹಬ್ಬಿನ ಮೇಲೆ ಅಂಗೈ ಇಡುತ್ತೇನೆ.
ಇನ್ನೂ ಬೆಚ್ಚಗಿದೆ.